ಮೂಡಣಕ್ಕೆ ತಿರುಗುವ ನೆಲ, ಎದುರು ಸುತ್ತಿದ ನೌಕೆ

1800ರ ಅಕ್ಟೋಬರ್. ಹೊಲಗಳಲ್ಲಿ ರಾಗಿ ತೆನೆ ಕಟ್ಟುವ ಹೊತ್ತು. ಬೆಂಗಳೂರು ಕೋಟೆಯ ಮೂಡಣಕ್ಕೆ, ಕೃಷ್ಣರಾಜಪುರದಿಂದ ಅಗರದ ಕಡೆಗೆ ಚಾಚಿದ್ದ ಬಯಲಿನಲ್ಲಿ ಕಂಪನಿ ಸರ್ಕಾರದ ತಂಡವೊಂದು ನೆಲ ಅಳೆಯುತ್ತಿತ್ತು. ಅಳತೆ ಈ ಸೀಮೆಯ ರೈತರಿಗೆ ಹೊಸದೇನಲ್ಲ. ಆದರೆ ಈ ಅಳತೆಯಲ್ಲಿ ಸರಪಳಿ ನೆಲವನ್ನೇ ಮುಟ್ಟುತ್ತಿರಲಿಲ್ಲ. ಮುಕ್ಕಾಲಿಗಳ ಮೇಲೆ ಸಾಲಾಗಿ ಕೂಡಿಸಿದ ಮರದ ದೋಣಿಗಳೊಳಗೆ ಅದು ಮಲಗಿತ್ತು. ಉಕ್ಕಿನ ಸರಪಳಿ, ನಲವತ್ತು ಕೊಂಡಿ, ಒಂದೊಂದು ಕೊಂಡಿ ಎರಡೂವರೆ ಅಡಿ, ಒಟ್ಟು 100 ಅಡಿ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ನೆರಳಿಗೆ ಕುಗ್ಗುತ್ತದೆ ಎಂದು ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಶಾಖ ಬರೆದುಕೊಳ್ಳುತ್ತಿದ್ದರು. ಸರಪಳಿ ಸಡಿಲವಾಗದಂತೆ ತುದಿಗೆ ತೂಕ ಕಟ್ಟಿ ಎಳೆಯುತ್ತಿದ್ದರು. ಒಂದು ಅಳತೆ ಮುಗಿದ ಮೇಲೆ ದೋಣಿ, ಮುಕ್ಕಾಲಿ, ಸರಪಳಿ ಎಲ್ಲವನ್ನೂ ಎತ್ತಿ ನೂರಡಿ ಮುಂದಕ್ಕೆ ಇಟ್ಟು, ಮಟ್ಟ ನೋಡಿ, ಮತ್ತೆ ಮೊದಲಿನಿಂದ ಆರಂಭ. ಹೀಗೆ ಮುನ್ನೂರ ತೊಂಬತ್ತಕ್ಕೂ ಹೆಚ್ಚು ಸಲ. ಸುಮಾರು ಏಳೂವರೆ ಮೈಲಿಯ ಒಂದೇ ಒಂದು ಗೆರೆ ಅಳೆದು ಮುಗಿಸುವಷ್ಟರಲ್ಲಿ ಡಿಸೆಂಬರ್ ಬಂದಿತ್ತು.

ಕೆಲಸ ಮಾಡಿಸುತ್ತಿದ್ದವನು ವಿಲಿಯಂ ಲ್ಯಾಂಬ್ಟನ್, ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟಿನ ಅಧಿಕಾರಿ. ಹಿಂದಿನ ವರ್ಷ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿದ್ದಾಗ ಈತ ದಿಕ್ಕು ಬಲ್ಲವನೆಂದು ಹೆಸರಾಗಿದ್ದ. ಇರುಳಿನಲ್ಲಿ ಜನರಲ್ ಬೇರ್ಡ್‌ನ ತುಕಡಿ ನಡೆಯುತ್ತಿದ್ದಾಗ, ತಾವು ದಕ್ಷಿಣಕ್ಕೆ ಹೋಗುತ್ತಿಲ್ಲ, ಉತ್ತರಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ಹೋಗುತ್ತಿದ್ದೇವೆ ಎಂದು ಲ್ಯಾಂಬ್ಟನ್ ನಕ್ಷತ್ರ ನೋಡಿ ಹೇಳಿದನಂತೆ. ಬೇರ್ಡ್ ಮೊದಲು ಒಪ್ಪಲಿಲ್ಲ. ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರಗಳ ಮಾತೇ ನಿಜವಾಗಿತ್ತು.

ಆ ಸರಪಳಿಗೂ ಒಂದು ಪೂರ್ವಕಥೆಯಿದೆ. ಲಂಡನ್ನಿನ ಜೆಸ್ಸೆ ರಾಮ್ಸ್‌ಡೆನ್ ಮಾಡಿದ ಆ ಸರಪಳಿ ಲಾರ್ಡ್ ಮೆಕಾರ್ಟ್ನಿಯ ರಾಯಭಾರದೊಡನೆ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿತ್ತು. ಅಲ್ಲಿ ಅದು ಯಾರಿಗೂ ಬೇಡವಾದ್ದರಿಂದ ರಾಯಭಾರದ ಜೊತೆಗಿದ್ದ ವಿಜ್ಞಾನಿ ಡಿನ್‌ವಿಡ್ಡಿಯ ಕೈಸೇರಿ ಕಲ್ಕತ್ತೆಗೆ ಬಂತು. ಅಲ್ಲಿಂದ ಲ್ಯಾಂಬ್ಟನ್‌ಗೆ ಸಿಕ್ಕಿತು. ಬೀಜಿಂಗಿನ ಅರಮನೆಯಲ್ಲಿ ಮೂಲೆ ಸೇರಬೇಕಿದ್ದ ಸರಪಳಿ ಬೆಂಗಳೂರಿನ ಹೊಲಗಳ ಮೇಲೆ ಚಾಚಿಕೊಂಡಿತು.

ಕಂಪನಿಗೆ ಬೇಕಾಗಿದ್ದದ್ದು ಗೆದ್ದ ನಾಡಿನ ನಕ್ಷೆ. ಲ್ಯಾಂಬ್ಟನ್‌ಗೆ ಬೇಕಾಗಿದ್ದದ್ದು ಅದಕ್ಕಿಂತ ದೊಡ್ಡದು: ಭೂಮಿಯ ಆಕಾರ. ಭೂಮಿ ತನ್ನ ಸುತ್ತ ತಾನು ತಿರುಗುವುದರಿಂದ ಅದರ ನಡು ಉಬ್ಬಿರಬೇಕು, ಧ್ರುವಗಳು ಚಪ್ಪಟೆಯಾಗಿರಬೇಕು ಎಂದು ನ್ಯೂಟನ್ 1687ರಲ್ಲೇ ಲೆಕ್ಕ ಹಾಕಿದ್ದ. ಕುಂಬಾರನ ತಿಗುರಿಯ ಮೇಲೆ ಹಸಿ ಮಣ್ಣಿನ ಮುದ್ದೆ ತಿರುಗುತ್ತ ಹೊರಕ್ಕೆ ಹರಡುವುದನ್ನು ಕಂಡವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಹದಿನೆಂಟನೇ ಶತಮಾನದಲ್ಲಿ ಫ್ರೆಂಚರು ಪೆರುವಿಗೂ ಲ್ಯಾಪ್‌ಲ್ಯಾಂಡಿಗೂ ತಂಡ ಕಳಿಸಿ, ಒಂದು ಡಿಗ್ರಿ ಅಕ್ಷಾಂಶದ ಉದ್ದ ಸಮಭಾಜಕದ ಬಳಿ ಕಡಿಮೆ, ಧ್ರುವದ ಬಳಿ ಹೆಚ್ಚು ಎಂದು ಅಳೆದು ತೋರಿಸಿದ್ದರು. ಉಬ್ಬು ಇದೆ ಎಂಬುದು ಖಚಿತವಾಗಿತ್ತು. ಎಷ್ಟು ಎಂಬುದು ಇನ್ನೂ ಚರ್ಚೆಯಲ್ಲಿತ್ತು, ಅದಕ್ಕೆ ಉಷ್ಣವಲಯದ ಒಂದು ಒಳ್ಳೆಯ ಅಳತೆ ಬೇಕಾಗಿತ್ತು.

ಹಾಗಾಗಿ ಬೆಂಗಳೂರಿನ ಗೆರೆಯ ಮೇಲೆ ತ್ರಿಕೋನ, ತ್ರಿಕೋನದ ಮೇಲೆ ತ್ರಿಕೋನ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಗೆರೆ ಅಳೆದು, ಅಲ್ಲಿಂದ ತ್ರಿಕೋನಗಳ ಸರಣಿ ಬೆಂಗಳೂರಿನತ್ತ ಬಂತು. 1804ರಲ್ಲಿ, ಲೆಕ್ಕ ಸರಿಯೇ ಎಂದು ತಾಳೆ ನೋಡಲು, ಬೆಂಗಳೂರಿನ ಬಳಿ ಮತ್ತೆ ಸರಪಳಿ ಬಿಚ್ಚಿದರು. ಈ ಬಾರಿ ಉಸ್ತುವಾರಿ ಜಾನ್ ವಾರೆನ್‌ನದು, ಕೋಲಾರದ ಚಿನ್ನದ ಸುದ್ದಿ ಹಿಡಿದು ಮಾರಿಕುಪ್ಪಂ ಕಡೆ ಹುಡುಕಾಡಿದ ಅದೇ ವಾರೆನ್. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಬಂದ ಉದ್ದಕ್ಕೂ ನೆಲದ ಮೇಲೆ ಸರಪಳಿ ಇಟ್ಟು ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಇನ್ನೂರು ವರ್ಷ ಕಳೆದರೂ ಈ ಸಂಖ್ಯೆಯ ಮುಂದೆ ಓದುಗ ಒಂದು ಕ್ಷಣ ನಿಲ್ಲಲೇಬೇಕು.

ನೆಲದ ಉದ್ದ ಸಿಕ್ಕಿತು. ಅದು ಎಷ್ಟು ಡಿಗ್ರಿ ಎಂದು ತಿಳಿಯಲು ಆಕಾಶವನ್ನು ಕೇಳಬೇಕು. ತೆಂಕಣ ತುದಿಯಲ್ಲಿ ನೆತ್ತಿಯ ಬಳಿ ಹಾಯುವ ನಕ್ಷತ್ರ ಉತ್ತರಕ್ಕೆ ಬಂದಂತೆ ನೆತ್ತಿಯಿಂದ ಎಷ್ಟು ಸರಿಯಿತು ಎಂದು ನೋಡಿದರೆ ಎರಡು ಊರುಗಳ ನಡುವಿನ ಕೋನ ಸಿಗುತ್ತದೆ. ಲ್ಯಾಂಬ್ಟನ್ ಈ ನಕ್ಷತ್ರ ವೀಕ್ಷಣೆಗೆ ಆರಿಸಿಕೊಂಡ ಠಾಣೆಗಳಲ್ಲಿ ಒಂದು ಕನ್ಯಾಕುಮಾರಿಯ ಹತ್ತಿರದ ಪುನ್ನೈ. ಇನ್ನೊಂದು ದೊಡ್ಡಗುಂಟೆ. ಇವತ್ತಿನ ಕಾಕ್ಸ್ ಟೌನ್ ಪಕ್ಕದ ದೊಡ್ಡಗುಂಟೆ ಅದು, 13 ಡಿಗ್ರಿ ಉತ್ತರ ಅಕ್ಷಾಂಶದ ತೀರಾ ಹತ್ತಿರ. ಆಗ ಅಲ್ಲಿ ದಂಡು ಇರಲಿಲ್ಲ. ಸೇನೆ ಶ್ರೀರಂಗಪಟ್ಟಣದ ಜ್ವರ ತಾಳಲಾರದೆ ಹಲಸೂರಿನ ಬಯಲಿಗೆ ಬಂದು ನೆಲೆನಿಂತು ಕಂಟೋನ್ಮೆಂಟ್ ಹುಟ್ಟಿದ್ದು 1809ರ ಹೊತ್ತಿಗೆ. ಬ್ಯಾರಕ್ಕು, ಪರೇಡ್ ಮೈದಾನ, ಬಜಾರು ಬರುವ ಮೊದಲೇ ಆ ನೆಲದ ಹೆಸರು ಭೂಮಿಯ ಆಕಾರದ ಲೆಕ್ಕಪುಸ್ತಕಕ್ಕೆ ಏರಿತ್ತು.

ಈಗಿನ ಅಳತೆಯಲ್ಲಿ ಭೂಮಿಯ ನಡುವಿನ ತ್ರಿಜ್ಯ ಸುಮಾರು 6,378 ಕಿಲೋಮೀಟರ್, ಧ್ರುವದ್ದು 6,357. ವ್ಯತ್ಯಾಸ 21 ಕಿಲೋಮೀಟರ್. ಇಡೀ ಭೂಮಿಯ ಮುಂದೆ ಇದು ಏನೂ ಅಲ್ಲ ಅನ್ನಿಸಬಹುದು. ಈ ಉಬ್ಬಿನ ಮೇಲೆ ಕಣ್ಣಿರಲಿ; ಮುಂದೆ ಇದೇ ಬಯಲಿನಲ್ಲಿ ಅದಕ್ಕೆ ಕೆಲಸ ಹಚ್ಚುವವರು ಬರುತ್ತಾರೆ.

ಭೂಮಿ ತಿರುಗುವುದು ಪಡುವಣದಿಂದ ಮೂಡಣಕ್ಕೆ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲದ ವೇಗ ಸೆಕೆಂಡಿಗೆ ಸುಮಾರು 453 ಮೀಟರ್, ಅಂದರೆ ಗಂಟೆಗೆ 1,630 ಕಿಲೋಮೀಟರ್. ಕೆ.ಆರ್. ಪುರದ ತೂಗುಸೇತುವೆಯ ಬಳಿ ಸಿಗ್ನಲ್‌ಗೆ ನಿಂತ ಬಸ್ಸೂ ಈ ವೇಗದಲ್ಲೇ ಮೂಡಣಕ್ಕೆ ಸಾಗುತ್ತಿದೆ. ನಮಗೆ ಕಾಣುವುದು ತಿರುವುಮುರುವು: ಸೂರ್ಯ ಮೂಡಣದಲ್ಲಿ ಹುಟ್ಟಿ, ವರ್ಷದ ಬಹುಪಾಲು ತೆಂಕಣದ ಬಾನಲ್ಲಿ ಹಾದು, ಪಡುವಣಕ್ಕೆ ಇಳಿಯುತ್ತಾನೆ. ಗುಡಿಯ ಪ್ರದಕ್ಷಿಣೆಯೂ ಇದೇ ಜಾಡು. ಮೂಡಣಕ್ಕೆ ಮುಖ ಮಾಡಿ ನಿಂತವನ ಬಲಗೈ ಬದಿ ತೆಂಕಣ. ಅದಕ್ಕೇ ದಕ್ಷಿಣ ಎಂಬ ಒಂದೇ ಶಬ್ದಕ್ಕೆ ಬಲ, ತೆಂಕಣ ಎಂಬ ಎರಡೂ ಅರ್ಥ. ನವಗ್ರಹ ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಸುತ್ತುವವರು ಸೂರ್ಯ ಕಣ್ಣಿಗೆ ಕಾಣುವ ದಾರಿಯಲ್ಲಿ ನಡೆಯುತ್ತಾರೆ. ಆದರೆ ಧ್ರುವ ನಕ್ಷತ್ರದ ಕಡೆಯಿಂದ ಕೆಳಗೆ ನೋಡಲು ಸಾಧ್ಯವಾದರೆ, ಆ ಕಟ್ಟೆಯ ಮೇಲಿನ ಬುಧ, ಶುಕ್ರ, ಮಂಗಳ, ಗುರು, ಶನಿ ಎಲ್ಲರೂ ಸೂರ್ಯನನ್ನು ಎಡಮುರಿಯಾಗಿ, ಅಪ್ರದಕ್ಷಿಣೆಯಾಗಿ ಸುತ್ತುವುದು ಕಾಣುತ್ತದೆ. ಭೂಮಿಯೂ ಹಾಗೆಯೇ. ಚಂದ್ರನೂ ಹಾಗೆಯೇ. ಹಲಸೂರು ಕೆರೆಯ ಏರಿಯ ಮೇಲೆ ನಿಂತು, ಚಂದ್ರನ ಪಕ್ಕದಲ್ಲಿರುವ ಒಂದು ನಕ್ಷತ್ರವನ್ನು ಗುರುತಿಟ್ಟುಕೊಂಡರೆ ಇದನ್ನು ಕಣ್ಣಾರೆ ಕಾಣಬಹುದು. ಎರಡೂ ಪಡುವಣಕ್ಕೆ ಇಳಿಯುತ್ತಿರುತ್ತವೆ, ಆದರೆ ಗಂಟೆಗೆ ತನ್ನ ಮೈಯಗಲದಷ್ಟು ಚಂದ್ರ ಮೂಡಣಕ್ಕೆ ಹಿಂದುಳಿಯುತ್ತಾನೆ. ಅದು ಅವನ ಸ್ವಂತ ನಡಿಗೆ.

ಎಲ್ಲ ಗ್ರಹಗಳೂ ಒಂದೇ ದಿಕ್ಕಿಗೆ ಸುತ್ತುವುದು ಆಕಸ್ಮಿಕವಾಗಿರಲಾರದು ಎಂದು ಫ್ರಾನ್ಸಿನ ಲಾಪ್ಲಾಸ್ 1796ರಲ್ಲಿ, ಅಂದರೆ ಕೆ.ಆರ್. ಪುರದಲ್ಲಿ ಸರಪಳಿ ಬಿಚ್ಚುವ ನಾಲ್ಕು ವರ್ಷ ಮೊದಲು, ವಾದಿಸಿದ. ತಿರುಗುವ ಒಂದೇ ಮೋಡದಿಂದ ಸೂರ್ಯನೂ ಗ್ರಹಗಳೂ ಹುಟ್ಟಿರಬೇಕು, ತಾಯಿ ಮೋಡದ ಸುತ್ತೇ ಮಕ್ಕಳಿಗೆ ಬಂದಿರಬೇಕು ಎಂಬುದು ಅವನ ಕಲ್ಪನೆ. ಅದರ ಮೂಲ ಎಳೆ ಇವತ್ತಿಗೂ ನಿಂತಿದೆ. ಹಾಗಾದರೆ ಎದುರು ತಿರುಗುವವರು ಯಾರಾದರೂ ಸಿಕ್ಕರೆ ಅವರ ಬಾಳಿನಲ್ಲಿ ಏನೋ ನಡೆದಿದೆ ಎಂದೇ ಅರ್ಥ. ಸಿಕ್ಕರು ಕೂಡ. 1846ರಲ್ಲಿ ಪತ್ತೆಯಾದ ನೆಪ್ಚೂನಿನ ದೊಡ್ಡ ಚಂದ್ರ ಟ್ರೈಟನ್ ತನ್ನ ಗ್ರಹ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತದೆ. ಅದು ಅಲ್ಲೇ ಹುಟ್ಟಿದ್ದಲ್ಲ, ದಾರಿಯಲ್ಲಿ ಹೋಗುವಾಗ ಸೆರೆಸಿಕ್ಕಿದ್ದು ಎಂದು ತಜ್ಞರ ತೀರ್ಮಾನ. ಶುಕ್ರನ ಮೋಡ ಸೀಳಿ ನೆಲ ನೋಡಲು ರೇಡಾರ್ ಬರಬೇಕಾಯಿತು. 1960ರ ದಶಕದ ಆರಂಭದಲ್ಲಿ ತಿಳಿದದ್ದು, ಶುಕ್ರ ಹಿಮ್ಮುಖವಾಗಿ, 243 ದಿನಕ್ಕೊಮ್ಮೆ ತಿರುಗುತ್ತದೆ ಎಂದು. ಅಲ್ಲಿ ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ. ಯುರೇನಸ್ ಮಗ್ಗುಲಾಗಿ ಬಿದ್ದ ಬುಗುರಿಯಂತೆ, 98 ಡಿಗ್ರಿ ವಾಲಿ ಉರುಳುತ್ತದೆ.

ಕಟ್ಟೆಯ ಮೇಲೆ ಇನ್ನಿಬ್ಬರು ಉಳಿದರು, ರಾಹು ಮತ್ತು ಕೇತು. ಇವು ಗ್ರಹಗಳಲ್ಲ, ಚಂದ್ರನ ದಾರಿಯೂ ಸೂರ್ಯ ಕಾಣುವ ದಾರಿಯೂ ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳು. ಪಂಚಾಂಗ ಬರೆಯುವವರಿಗೆ ಬಹು ಹಿಂದಿನಿಂದ ಗೊತ್ತಿತ್ತು, ರಾಹು ಕೇತುಗಳದು ವಕ್ರಗತಿ, ಅವು ಹಿಂದಕ್ಕೇ ನಡೆಯುತ್ತವೆ ಎಂದು. 18.6 ವರ್ಷಕ್ಕೆ ಒಂದು ಸುತ್ತು. ಸೂರ್ಯನ ಸೆಳೆತ ಚಂದ್ರನ ಕಕ್ಷೆಯನ್ನು ಹೀಗೆ ಹಿಂದಕ್ಕೆ ತಿರುವುತ್ತದೆ.

ಭೂಮಿಯೇ ತಿರುಗುತ್ತದೆ, ದೋಣಿಯಲ್ಲಿ ಕೂತವನಿಗೆ ದಡದ ಮರ ಹಿಂದಕ್ಕೆ ಹೋದಂತೆ ನಕ್ಷತ್ರಗಳು ಪಡುವಣಕ್ಕೆ ಹೋದಂತೆ ಕಾಣುತ್ತವೆ ಎಂದು ಕ್ರಿ.ಶ. 499ರಲ್ಲಿ ಬರೆದ ಆರ್ಯಭಟನ ಹೆಸರನ್ನು ಭಾರತದ ಮೊದಲ ಉಪಗ್ರಹಕ್ಕೆ ಇಟ್ಟದ್ದು ಬಹಳ ಒಪ್ಪುವ ಕೆಲಸ. ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಭೂಮಿ ತಿರುಗುವ ದಿಕ್ಕಿಗೇ, ಸಮಭಾಜಕಕ್ಕೆ 51 ಡಿಗ್ರಿಯಷ್ಟು ಓರೆಯಾಗಿ ಸುತ್ತಿತು. ಮುಂದೆ ಇಸ್ರೋದ ಉಪಗ್ರಹ ಕೇಂದ್ರ ಪೀಣ್ಯದ ಶೆಡ್ಡು ಬಿಟ್ಟು ನಗರದ ಮೂಡಣ ಬದಿಗೆ, ಹಳೆಯ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರಕ್ಕೆ ಬಂತು. ಒಂದು ಪಕ್ಕದಲ್ಲಿ 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ ಎಚ್‌ಎಎಲ್, ಇನ್ನೊಂದು ಪಕ್ಕದಲ್ಲಿ ವಿಮಾನ ಸಂಶೋಧನೆಯ ಎನ್‌ಎಎಲ್. ನಕ್ಷೆಯಲ್ಲಿ ಕೆ.ಆರ್. ಪುರಕ್ಕೂ ಅಗರಕ್ಕೂ ಒಂದು ಗೆರೆ ಎಳೆದರೆ ಅದು ಹೆಚ್ಚೂಕಡಿಮೆ ಇದೇ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಹಾಯುತ್ತದೆ. ಲ್ಯಾಂಬ್ಟನ್‌ನ ಮುಕ್ಕಾಲಿಗಳು ನಿಂತ ಬಯಲಲ್ಲೇ ಉಪಗ್ರಹಗಳ ಜೋಡಣೆ ಶುರುವಾಯಿತು.

1988ರ ಮಾರ್ಚ್ 17ರಂದು ಇಲ್ಲಿಯ ಐಆರ್‌ಎಸ್-1ಎ ಬೈಕನೂರಿನಿಂದ ಹಾರಿತು. ಬೆಳೆ, ಕೆರೆ, ಕಾಡು, ಬಂಜರನ್ನು ಮೇಲಿನಿಂದ ಚಿತ್ರ ತೆಗೆಯಬೇಕಾದ ದೂರಸಂವೇದಿ ಉಪಗ್ರಹ. ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿ ನೋಡಬೇಕಾದರೆ ಬಿಸಿಲು ಪ್ರತಿಸಲವೂ ಒಂದೇ ಓರೆಯಲ್ಲಿ ಬೀಳಬೇಕು. ಬೆಳಿಗ್ಗೆ ಹತ್ತೂವರೆಯ ನೆರಳಿಗೂ ಸಂಜೆ ಐದರ ನೆರಳಿಗೂ ತಾಳೆಯಾಗುವುದಿಲ್ಲ ಎಂದು ಹೊಲದ ಬದುವಿನ ಮೇಲೆ ನಿಂತ ಯಾರು ಬೇಕಾದರೂ ಹೇಳಬಲ್ಲರು. ಆದ್ದರಿಂದ ಉಪಗ್ರಹ ವರ್ಷವಿಡೀ ಪ್ರತಿಸಲ ಸ್ಥಳೀಯ ಸಮಯ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೇ ಸಮಭಾಜಕ ದಾಟಬೇಕು.

ಕೇಳಲು ಸುಲಭ. ಆದರೆ ಭೂಮಿ ಅಚ್ಚುಕಟ್ಟಾದ ಗುಂಡಾಗಿದ್ದರೆ ಇದು ಆಗುತ್ತಲೇ ಇರಲಿಲ್ಲ. ಆಗ ಉಪಗ್ರಹದ ಕಕ್ಷೆ ನಕ್ಷತ್ರಗಳ ನಡುವೆ ಒಂದೇ ಕಡೆ ಮುಖ ಮಾಡಿ ನಿಂತುಬಿಡುತ್ತದೆ. ಸೂರ್ಯ ಮಾತ್ರ ದಿನಕ್ಕೆ ಸುಮಾರು ಒಂದು ಡಿಗ್ರಿಯಂತೆ ಮೂಡಣಕ್ಕೆ ಸರಿಯುತ್ತಿರುತ್ತಾನೆ. ಹತ್ತೂವರೆಗೆ ದಾಟುತ್ತಿದ್ದದ್ದು ತಿಂಗಳಿಗೆ ಎರಡು ಗಂಟೆಯಂತೆ ಜಾರಿ, ಮೂರು ತಿಂಗಳಲ್ಲಿ ನಸುಕಿನ ನಾಲ್ಕೂವರೆಗೆ ಬಂದು, ಕತ್ತಲೆಯ ಚಿತ್ರ ತೆಗೆಯುತ್ತ ಕೂರುತ್ತದೆ. ಅದನ್ನು ತಪ್ಪಿಸಬೇಕಾದರೆ ಕಕ್ಷೆಯನ್ನೇ ದಿನಕ್ಕೊಂದು ಡಿಗ್ರಿಯಷ್ಟು ಮೂಡಣಕ್ಕೆ ತಿರುವುತ್ತಿರಬೇಕು. ಇಂಧನ ಸುಟ್ಟು ಅದನ್ನು ಮಾಡಹೊರಟರೆ ಕೆಲವೇ ದಿನಕ್ಕೆ ತೊಟ್ಟಿ ಬರಿದು.

ಇಲ್ಲಿ 21 ಕಿಲೋಮೀಟರಿನ ಆ ಉಬ್ಬು ನೆರವಿಗೆ ಬರುತ್ತದೆ. ನಡು ಉಬ್ಬಿದ ಭೂಮಿ ಓರೆಯಾಗಿ ಸುತ್ತುವ ಉಪಗ್ರಹವನ್ನು ಸಮಭಾಜಕದ ಕಡೆಗೆ ತುಸು ಹೆಚ್ಚು ಸೆಳೆಯುತ್ತದೆ. ಆ ಸೆಳೆತಕ್ಕೆ ಕಕ್ಷೆ ನಿಧಾನವಾಗಿ ತಿರುಗತೊಡಗುತ್ತದೆ. ಭೂಮಿಯ ದಿಕ್ಕಿಗೇ ಸುತ್ತುವ ಉಪಗ್ರಹವಾದರೆ, ಅದರ ಕಕ್ಷೆ ಸಮಭಾಜಕವನ್ನು ಕತ್ತರಿಸುವ ಬಿಂದು, ಅಂದರೆ ಅದರದೇ ರಾಹು, ಚಂದ್ರನ ರಾಹುವಿನಂತೆಯೇ ಹಿಂದಕ್ಕೆ, ಪಡುವಣಕ್ಕೆ ನಡೆಯುತ್ತದೆ. ಉಪಗ್ರಹ ಎದುರು ದಿಕ್ಕಿಗೆ ಸುತ್ತಿದರೆ ರಾಹುವಿನ ನಡೆ ಮಗುಚಿ ಮುಂದಕ್ಕೆ, ಮೂಡಣಕ್ಕೆ. ಎಷ್ಟು ಎತ್ತರ, ಎಷ್ಟು ಓರೆ ಎಂದು ಸರಿಯಾಗಿ ಆರಿಸಿಕೊಂಡರೆ ಆ ನಡೆ ದಿನಕ್ಕೆ ಸರಿಯಾಗಿ ಸೂರ್ಯನಷ್ಟೇ ಆಗುತ್ತದೆ. ಐಆರ್‌ಎಸ್-1ಎಗೆ ಆರಿಸಿಕೊಂಡದ್ದು 904 ಕಿಲೋಮೀಟರ್ ಎತ್ತರ, 99 ಡಿಗ್ರಿ ಓರೆ. 90 ಡಿಗ್ರಿ ಎಂದರೆ ನೇರ ಧ್ರುವಗಳ ಮೇಲೆ. ಅದಕ್ಕೆ ಮೇಲಿನ ಒಂಬತ್ತು ಡಿಗ್ರಿ ಎಂದರೆ ಭೂಮಿ ತಿರುಗುವ ದಿಕ್ಕಿಗೆ ತುಸುವೇ ಎದುರು. ಚಂದ್ರನ ರಾಹು 18.6 ವರ್ಷದಲ್ಲಿ ಹಿಂದಕ್ಕೆ ಮುಗಿಸುವ ಸುತ್ತನ್ನು ಈ ಉಪಗ್ರಹದ ರಾಹು ಒಂದೇ ವರ್ಷದಲ್ಲಿ ಮುಂದಕ್ಕೆ ಮುಗಿಸಿತು, ಹನಿ ಇಂಧನವನ್ನೂ ಕೇಳದೆ.

ಜಗತ್ತಿನ ದೂರಸಂವೇದಿ ಉಪಗ್ರಹಗಳಲ್ಲಿ ಬಹುಪಾಲು ಈ ಬಗೆಯ ಸೂರ್ಯಸ್ಥಿರ ಕಕ್ಷೆಯಲ್ಲೇ ಇವೆ. ವಿಮಾನಪುರದಿಂದ ಹೊರಟ ಐಆರ್‌ಎಸ್ ಪೀಳಿಗೆಯೂ ಕಾರ್ಟೊಸ್ಯಾಟ್ ಪೀಳಿಗೆಯೂ ಹೀಗೆ ಎದುರು ಸುತ್ತಿನವೇ. ಭೂಮಿಯ ಉಬ್ಬನ್ನು ಅಂಗುಲ ಅಂಗುಲವಾಗಿ ಹುಡುಕಿದ ಬಯಲಿನ ಮೇಲೆಯೇ ಆ ಉಬ್ಬನ್ನು ದುಡಿಸಿಕೊಳ್ಳುವ ಯಂತ್ರಗಳು ತಯಾರಾದವು. ಈ ಜೋಡಿ ಸಂಗತಿಯನ್ನು ಬೆಂಗಳೂರಿನ ಚರಿತ್ರೆ ಬರೆಯುವವರು ಒಟ್ಟಿಗೆ ಇಟ್ಟು ನೋಡಬೇಕು. ಊರಿನ ಮೂಡಣ ಭಾಗಕ್ಕೆ ದಂಡು ಮತ್ತು ಐಟಿ ಎರಡೇ ಗುರುತು ಅಲ್ಲ.

ಮಂಗಳದ ಮಾತಿಗೆ ಬಂದರೆ ದಿಕ್ಕಿನ ಕಥೆ ಇನ್ನೂ ಬಿಗಿಯಾಗುತ್ತದೆ. 2012ರ ಆಗಸ್ಟ್ 3ರಂದು ಕೇಂದ್ರ ಸಂಪುಟ ಮಂಗಳಯಾನಕ್ಕೆ ಒಪ್ಪಿತು, 15ರಂದು ಪ್ರಧಾನಿ ಮನಮೋಹನ್ ಸಿಂಗ್ ಕೆಂಪುಕೋಟೆಯಿಂದ ಸಾರಿದರು. ಖರ್ಚು 450 ಕೋಟಿ ರೂಪಾಯಿ. ಕೈಯಲ್ಲಿದ್ದದ್ದು ಹದಿನೈದು ತಿಂಗಳು, ಯಾಕೆಂದರೆ ಭೂಮಿ ಮತ್ತು ಮಂಗಳ ಪ್ರಯಾಣಕ್ಕೆ ಅನುಕೂಲವಾಗಿ ನಿಲ್ಲುವುದು ಸುಮಾರು 26 ತಿಂಗಳಿಗೊಮ್ಮೆ. ನೌಕೆಯ ಚೌಕಟ್ಟು ಕಟ್ಟಿಕೊಟ್ಟದ್ದು ಎಚ್‌ಎಎಲ್. ಉಪಗ್ರಹಗಳ ನೋದನ ವ್ಯವಸ್ಥೆ ನೋಡಿಕೊಳ್ಳುವ ಎಲ್‌ಪಿಎಸ್‌ಸಿಯ ಬೆಂಗಳೂರು ಘಟಕ ಇರುವುದು ಇಂದಿರಾನಗರದ ಪಕ್ಕದ ಎಚ್‌ಎಎಲ್ ಎರಡನೇ ಹಂತದ 80 ಅಡಿ ರಸ್ತೆಯಲ್ಲಿ. ಆಗ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದವರು ಎಸ್.ಕೆ. ಶಿವಕುಮಾರ್, ಯೋಜನಾ ನಿರ್ದೇಶಕರು ಎಸ್. ಅರುಣನ್.

2013ರ ನವೆಂಬರ್ 5ರ ಮಧ್ಯಾಹ್ನ 2 ಗಂಟೆ 38 ನಿಮಿಷಕ್ಕೆ ಪಿಎಸ್‌ಎಲ್‌ವಿ-ಸಿ25 ಶ್ರೀಹರಿಕೋಟದಿಂದ ಕಡಲಿನ ಮೇಲೆ ಮೂಡಣಕ್ಕೆ ಹಾರಿತು. ಭೂಮಿ ಅದೇ ದಿಕ್ಕಿಗೆ ತಿರುಗುವುದರಿಂದ ನೆಲ ಬಿಡುವ ಮೊದಲೇ ಸೆಕೆಂಡಿಗೆ 450 ಮೀಟರಿನ ವೇಗ ಉಚಿತವಾಗಿ ಕೈಯಲ್ಲಿತ್ತು. 1,337 ಕಿಲೋ ತೂಕದ ನೌಕೆಯನ್ನು ನೇರ ಮಂಗಳಕ್ಕೆ ಎಸೆಯುವ ಶಕ್ತಿ ಆ ರಾಕೆಟ್ಟಿಗಿರಲಿಲ್ಲ. ಹಾಗಾಗಿ ಭೂಮಿಯ ಸುತ್ತಲೇ ಸುತ್ತಿಸಿ, ಪ್ರತಿಸಲ ಭೂಮಿಯ ಹತ್ತಿರ ಬಂದಾಗ ಎಂಜಿನ್ ಉರಿಸಿ, ಕವಣೆ ಬೀಸಿದಂತೆ ಸುತ್ತನ್ನು ದೊಡ್ಡದು ಮಾಡುತ್ತ ಹೋದರು. ನವೆಂಬರ್ 11ರ ಉರಿತದಲ್ಲಿ ಎಣಿಸಿದಷ್ಟು ವೇಗ ಸಿಗಲಿಲ್ಲ. ಒಂದು ಲಕ್ಷ ಕಿಲೋಮೀಟರ್ ಮುಟ್ಟಬೇಕಿದ್ದ ದೂರದ ತುದಿ 78 ಸಾವಿರದಲ್ಲೇ ನಿಂತಿತು. ಮರುದಿನ ಮತ್ತೊಮ್ಮೆ ಉರಿಸಿ ಸರಿಪಡಿಸಿದರು. ಡಿಸೆಂಬರ್ 1ರ ನಡುರಾತ್ರಿ ಕಳೆದು 49 ನಿಮಿಷಕ್ಕೆ, 22 ನಿಮಿಷದ ಉರಿತದೊಡನೆ ನೌಕೆ ಭೂಮಿಯನ್ನು ಬಿಟ್ಟಿತು. ಆಗಲೂ ಭೂಮಿ ಸೂರ್ಯನನ್ನು ಸುತ್ತುವ ದಿಕ್ಕಿಗೇ. ಸೆಕೆಂಡಿಗೆ ಮೂವತ್ತು ಕಿಲೋಮೀಟರಿನ ಆ ವೇಗವನ್ನು ಕಳೆದುಕೊಳ್ಳುವ ಐಶ್ವರ್ಯ ಯಾವ ದೇಶಕ್ಕೂ ಇಲ್ಲ.

ಮಂಗಳದ ಬಾಗಿಲಲ್ಲಿ ಮಾತ್ರ ದಿಕ್ಕಿನ ಆಯ್ಕೆ ತೆರೆದಿತ್ತು. ದೂರದಿಂದ ಬರುವ ನೌಕೆ ಗ್ರಹದ ಒಂದು ಮಗ್ಗುಲಿಂದ ಹಾದರೆ ಅದರ ಸುತ್ತು ಗ್ರಹ ತಿರುಗುವ ದಿಕ್ಕಿಗೆ, ಇನ್ನೊಂದು ಮಗ್ಗುಲಿಂದ ಹಾದರೆ ಎದುರು ದಿಕ್ಕಿಗೆ. ನೆಲದಿಂದ ಹಾರುವಾಗ ನೆಲದ ವೇಗ ಜೊತೆಗೆ ಬರುತ್ತದೆ. ಆದರೆ ಸೆರೆಸಿಕ್ಕುವ ನೌಕೆಗೆ ಗ್ರಹ ಹೇಗೆ ತಿರುಗುತ್ತಿದೆ ಎಂಬುದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದರ ಮೇಲೆ ಹಿಡಿತವಿರುವುದು ಗ್ರಹದ ಗುರುತ್ವಕ್ಕೆ.

2014ರ ಸೆಪ್ಟೆಂಬರ್ 24, ಬುಧವಾರ. ಹತ್ತು ತಿಂಗಳು ಮಲಗಿದ್ದ ದೊಡ್ಡ ಎಂಜಿನ್ನನ್ನು ಎರಡು ದಿನ ಮೊದಲು ನಾಲ್ಕು ಸೆಕೆಂಡು ಉರಿಸಿ ನೋಡಿಯಾಗಿತ್ತು. ಬೆಳಿಗ್ಗೆ 7 ಗಂಟೆ 17 ನಿಮಿಷಕ್ಕೆ ಅದು ಮತ್ತೆ ಹೊತ್ತಿಕೊಂಡಿತು, ವೇಗ ತಗ್ಗಿಸಲು ಬೆಂಕಿ ಮುಂದಕ್ಕೆ ಚಿಮ್ಮುವಂತೆ. ಕೆಲವೇ ನಿಮಿಷದಲ್ಲಿ ನೌಕೆ ಮಂಗಳದ ಮರೆಗೆ ಹೋಯಿತು. ಮಾತು ತಲುಪಲು ಹನ್ನೆರಡೂವರೆ ನಿಮಿಷ ಹಿಡಿಯುವ ದೂರ. ಪೀಣ್ಯದ ನಿಯಂತ್ರಣ ಕೊಠಡಿಯಲ್ಲಿ ಕೂತವರು ಮಾಡಬಹುದಾದ್ದು ಇನ್ನೇನೂ ಇರಲಿಲ್ಲ. ಆಜ್ಞೆಗಳೆಲ್ಲ ಮೊದಲೇ ನೌಕೆಯ ನೆನಪಿನಲ್ಲಿದ್ದವು. 24 ನಿಮಿಷಕ್ಕೆ ತುಸು ಕಡಿಮೆ ಉರಿದು, ಸೆಕೆಂಡಿಗೆ 1,099 ಮೀಟರಿನಷ್ಟು ವೇಗ ಕಳೆದು, ಎಂಜಿನ್ ಆರಿತು. ಎಂಟು ಗಂಟೆಯ ಹೊತ್ತಿಗೆ ನೌಕೆಯ ದನಿ ಮರಳಿ ಕೇಳಿದಾಗ ಕೊಠಡಿ ಎದ್ದು ನಿಂತಿತು.

ಕಕ್ಷೆ ಲೆಕ್ಕ ಹಾಕಿದರು: ಹತ್ತಿರದ ತುದಿ 421.7 ಕಿಲೋಮೀಟರ್, ದೂರದ ತುದಿ 76,993.6 ಕಿಲೋಮೀಟರ್, ಒಂದು ಸುತ್ತಿಗೆ 72 ಗಂಟೆ 51 ನಿಮಿಷ 51 ಸೆಕೆಂಡು. ಓರೆ, ಮಂಗಳದ ಸಮಭಾಜಕಕ್ಕೆ 150 ಡಿಗ್ರಿ. ಸೊನ್ನೆ ಎಂದರೆ ಗ್ರಹದೊಂದಿಗೆ, 90 ಎಂದರೆ ಧ್ರುವಗಳ ಮೇಲೆ, 180 ಎಂದರೆ ಪೂರ್ತಿ ಎದುರು. ಪತ್ರಿಕೆಗಳ ಮೊದಲ ಪುಟದಲ್ಲಿ ಮಲ್ಲಿಗೆ ಮುಡಿದ ಮಹಿಳಾ ಸಿಬ್ಬಂದಿಯ ನಗು ಇತ್ತು, ದೇಶ ಹಿಗ್ಗಿತು. 150 ಎಂಬ ಈ ಒಂದು ಅಂಕಿಯ ಮೇಲೆ ಮಾತ್ರ ಹೆಚ್ಚು ಮಂದಿಯ ಕಣ್ಣು ಬೀಳಲಿಲ್ಲ. ವಿಮಾನಪುರದ ನೌಕೆ ಮಂಗಳವನ್ನು ಮಂಗಳಕ್ಕೆ ಎದುರಾಗಿ ಸುತ್ತುತ್ತಿತ್ತು.

ಮಂಗಳದ ಎರಡು ಚಂದ್ರಗಳೂ, 1877ರ ಆಗಸ್ಟಿನಲ್ಲಿ ಅಸಾಫ್ ಹಾಲ್ ಕಂಡುಹಿಡಿದ ಫೋಬೊಸ್ ಮತ್ತು ಡೀಮೊಸ್, ಗ್ರಹದ ದಿಕ್ಕಿಗೇ ಸುತ್ತುತ್ತವೆ. ಮೂರನೆಯವನಾಗಿ ಬಂದ ಅತಿಥಿ ಎದುರು ಬದಿಯಿಂದ ಬಂದ. ಡೀಮೊಸ್ ಸದಾ ಒಂದೇ ಮುಖವನ್ನು ಮಂಗಳಕ್ಕೆ ತೋರುತ್ತದೆ, ಮಂಗಳದ ಹತ್ತಿರ ಸುತ್ತುವ ನೌಕೆಗಳಿಗೆ ಕಾಣುವುದು ಆ ಮುಖವೇ. ಮಂಗಳಯಾನದ ದೂರದ ತುದಿ ಡೀಮೊಸ್ ಕಕ್ಷೆಯ ಆಚೆಗೂ ಬಹಳ ದೂರ ಚಾಚಿದ್ದರಿಂದ, ಅದು ಆ ಚಂದ್ರನ ಬೆನ್ನಿನ ಚಿತ್ರವನ್ನೂ ತೆಗೆಯಿತು.

ಫೋಬೊಸ್ ಇನ್ನೂ ವಿಶೇಷ. ಮಂಗಳ ತನ್ನ ಸುತ್ತ ತಿರುಗಲು 24 ಗಂಟೆ 37 ನಿಮಿಷ ತೆಗೆದುಕೊಂಡರೆ, ಫೋಬೊಸ್ 7 ಗಂಟೆ 39 ನಿಮಿಷದಲ್ಲಿ ಅದನ್ನು ಸುತ್ತಿ ಮುಗಿಸುತ್ತದೆ. ದಿಕ್ಕು ಒಂದೇ, ಓಟ ಗ್ರಹಕ್ಕಿಂತ ಚುರುಕು. ಹಾಗಾಗಿ ಮಂಗಳದ ನೆಲದ ಮೇಲೆ ನಿಂತವರಿಗೆ ಅದು ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗುತ್ತದೆ. ಕಣ್ಣಿಗೆ ಹಿಮ್ಮುಖ, ನಿಜದಲ್ಲಿ ನೇರಮುಖ. 2014ರ ಅಕ್ಟೋಬರಿನಲ್ಲಿ ಮಂಗಳಯಾನದ ಬಣ್ಣದ ಕ್ಯಾಮೆರಾ, ಮಂಗಳದ ಕೆಂಪು ತಟ್ಟೆಯ ಮೇಲೆ ಎಳ್ಳುಕಾಳಿನಂತೆ ಹರಿದುಹೋಗುತ್ತಿದ್ದ ಈ ಫೋಬೊಸನ್ನು ಸಾಲು ಚಿತ್ರಗಳಲ್ಲಿ ಹಿಡಿಯಿತು. 2020ರ ಜುಲೈ 1ರಂದು 4,200 ಕಿಲೋಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ಅದರ ಮೈಮೇಲಿನ ಸ್ಟಿಕ್ನಿ ಎಂಬ ದೊಡ್ಡ ಕುಳಿಯೂ ಕಾಣುತ್ತದೆ. ಗ್ರಹಕ್ಕಿಂತ ಚುರುಕಾಗಿ ಓಡುವ ತಪ್ಪಿಗೆ ಫೋಬೊಸ್ ಬೆಲೆ ತೆರುತ್ತಿದೆ. ಅದು ಮಂಗಳದಲ್ಲಿ ಎಬ್ಬಿಸುವ ಉಬ್ಬರ ಅದರ ಹಿಂದೆ ಬಿದ್ದು ಹಿಂದಕ್ಕೆ ಜಗ್ಗುತ್ತದೆ, ಹಾಗಾಗಿ ಫೋಬೊಸ್ ನೂರು ವರ್ಷಕ್ಕೆ ಸುಮಾರು 1.8 ಮೀಟರ್ ಕೆಳಗಿಳಿಯುತ್ತದೆ. ಕೋಟ್ಯಂತರ ವರ್ಷ ಕಳೆದು ಒಡೆದು ಚೂರಾಗುವುದು ಅದರ ಹಣೆಬರಹ. ನೆಪ್ಚೂನಿಗೆ ಎದುರು ಸುತ್ತುವ ಟ್ರೈಟನ್ ಕೂಡ ಹೀಗೆಯೇ ಇಳಿಯುತ್ತಿದೆ. ನಮ್ಮ ಚಂದ್ರನದು ಬೇರೆ ದಾರಿ: ಭೂಮಿ ಅವನಿಗಿಂತ ಬೇಗ ತಿರುಗುವುದರಿಂದ ಉಬ್ಬರ ಅವನನ್ನು ಮುಂದಕ್ಕೆ ಎಳೆಯುತ್ತದೆ, ವರ್ಷಕ್ಕೆ 3.8 ಸೆಂಟಿಮೀಟರಿನಂತೆ ಅವನು ದೂರ ಸರಿಯುತ್ತಿದ್ದಾನೆ.

ಪೀಣ್ಯದ ಶೆಡ್ಡುಗಳಿಂದ ಈ ಕಥೆಯನ್ನು ಶುರುಮಾಡಿದ ಯು.ಆರ್. ರಾವ್ 2017ರ ಜುಲೈ 24ರ ನಸುಕಿನಲ್ಲಿ ಇಂದಿರಾನಗರದ ತಮ್ಮ ಮನೆಯಲ್ಲಿ ತೀರಿಕೊಂಡರು. ಮರುವರ್ಷ ವಿಮಾನಪುರದ ಕೇಂದ್ರಕ್ಕೆ ಅವರ ಹೆಸರಿಟ್ಟರು.

ಆರು ತಿಂಗಳಿಗೆಂದು ಕಟ್ಟಿದ ಮಂಗಳಯಾನ ಎಂಟು ವರ್ಷದ ಹತ್ತಿರ ದುಡಿಯಿತು. 2022ರ ಏಪ್ರಿಲ್‌ನಲ್ಲಿ ಗ್ರಹಣಗಳು ಒಂದರ ಹಿಂದೊಂದು ಬಂದವು. ಮಂಗಳದ ನೆರಳಿನಲ್ಲಿ ಒಂದು ಗಂಟೆ 40 ನಿಮಿಷ ತಾಳಬಲ್ಲ ಬ್ಯಾಟರಿ ಅದರದು. ಒಂದು ಗ್ರಹಣ ಏಳೂವರೆ ಗಂಟೆ ನಡೆಯಿತು. ದನಿ ಅಡಗಿತು. ಅದೇ ವರ್ಷದ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಸೇರಿದ ವಿಜ್ಞಾನಿಗಳು, ನೌಕೆಯನ್ನು ಇನ್ನು ಮರಳಿ ಪಡೆಯಲಾಗದು ಎಂದು ಒಪ್ಪಿಕೊಂಡರು. ಅದನ್ನು ಕೆಳಗಿಳಿಸುವ ಆಜ್ಞೆಯನ್ನು ಯಾರೂ ಕಳಿಸಿರಲಿಲ್ಲ. ವಿಮಾನಪುರದಲ್ಲಿ ಜೋಡಿಸಿದ ಆ ಪೆಟ್ಟಿಗೆ, ಮುಖ ಎತ್ತಲೋ ಮಾಡಿಕೊಂಡು, ಫೋಬೊಸ್ ಮತ್ತು ಡೀಮೊಸ್‌ಗಳಿಗೆ ಎದುರಾಗಿ ಮಂಗಳದ ಸುತ್ತಲೇ ಉಳಿಯಿತು.